ಸುಟ್ಟ ಬೀರುವಿಗೆ ಬಂದ ಬೇಡಿಕೆ

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಬೀರು ಲಾರಿ ಹತ್ತಬೇಕು, ಲಾರಿ ಗೇಟು ದಾಟಬೇಕು. ಇಲ್ಲದಿದ್ದರೆ ಅದು ಹಾಲೆಂಡ್ ಮುಟ್ಟುವುದಿಲ್ಲ ಎಂಬುದು ನಮ್ಮ ಯಜಮಾನರ ನಂಬಿಕೆ. ಹಡಗಿನವರ ಲೆಕ್ಕಾಚಾರ ಬೇರೆಯೇ ಇದ್ದಿರಬೇಕು, ಅವರನ್ನು ಯಾರೂ ಕೇಳಿರಲಿಲ್ಲ.

ಯಜಮಾನರ ಕೈಯಲ್ಲಿ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಐದು ಬಿಲ್ಲೆ ಕರ್ಪೂರ. ಎದುರಿಗೆ ಆಳೆತ್ತರದ ಕಪ್ಪು ಬೀರು, ಅದರ ಮೇಲೆ ಚಿನ್ನದ ಬಣ್ಣದ ಚೀನೀ ಜನ. ಬೀರುವಿನ ಒಂದು ಬಾಗಿಲು ತೆರೆದಿತ್ತು. ಅದರೊಳಗೆ ಸೊಂಟದವರೆಗೆ ತೂರಿಕೊಂಡು ಪಾಲಿಶ್ ಮುನಿಯಪ್ಪ ಏನನ್ನೋ ಒರೆಸುತ್ತಿದ್ದ. ನಾನು ಎರಡು ಹೆಜ್ಜೆ ಹಿಂದೆ ಕೈಯಲ್ಲಿ ಕಾಗದ ಹಿಡಿದು ನಿಂತಿದ್ದೆ. ನನ್ನ ಮೂಗಿಗೆ ಸ್ಪಿರಿಟ್ಟಿನ ವಾಸನೆ ಬಡಿಯುತ್ತಿತ್ತು. ವಾಸನೆ ಬಂದದ್ದೂ ನಿಜ, ಅದರ ಅರ್ಥ ಹೊಳೆದದ್ದೂ ನಿಜ, ನಾನು ಬಾಯಿ ಬಿಡದೆ ನಿಂತದ್ದೂ ನಿಜ. ಮೂವತ್ತು ವರ್ಷಕ್ಕೂ ಮೇಲೆ ರಫ್ತಿನ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರು ಬಂದು, ಏನು ಓದಬೇಕು, ಯಾವ ಪರೀಕ್ಷೆ ಕಟ್ಟಬೇಕು ಎಂದು ಕೇಳುತ್ತಾರೆ. ನನಗೆ ಹೇಳಲು ಇರುವುದು ಆ ಹತ್ತು ಇಪ್ಪತ್ತರ ವಿಷಯ ಒಂದೇ. ಅದಕ್ಕೆ ಮೊದಲು ನಾನು ಅಲ್ಲಿಗೆ ಹೇಗೆ ಬಂದು ನಿಂತೆ ಎಂಬುದನ್ನು ಹೇಳಬೇಕು.

ಎಪ್ಪತ್ತರ ದಶಕದ ಕೊನೆ. ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಲೆಕ್ಚರರ್ ಕೆಲಸಕ್ಕೆ ಅಲೆದು, ಅದು ಸಿಗದೆ ಬೆಂಗಳೂರಿಗೆ ಬಂದೆ. ಗಂಗಾನಗರದಲ್ಲಿ ಒಂದು ಮಹಡಿ ಕೋಣೆ ಹಿಡಿದೆ. ಯಶವಂತಪುರದ ಗೂಡ್ಸ್ ಯಾರ್ಡಿನ ಹಿಂದೆ ತಗಡಿನ ಶೆಡ್ಡೊಂದರಲ್ಲಿ ಬೀರು ಮಾಡಿ ಯುರೋಪಿಗೆ ಕಳಿಸುವವರಿಗೆ ‘ಇಂಗ್ಲಿಷ್ ಬಲ್ಲ, ಇತಿಹಾಸ ಬಲ್ಲ’ ಒಬ್ಬರು ಬೇಕಂತೆ ಎಂದು ಊರಿನ ಪರಿಚಯದವರು ಹೇಳಿದರು. ಯಜಮಾನರ ಹೆಸರು ನಂಜುಂಡಯ್ಯ. ಮೊದಲು ಮದುವೆಯ ಮಂಚ ಮಾಡಿಸುತ್ತಿದ್ದರು. ಸಂದರ್ಶನದಲ್ಲಿ ಒಂದೇ ಪ್ರಶ್ನೆ.

“ಹಳೇದು ಅಂತ ಬರೆಯೋಕೆ ಬರುತ್ತೇನ್ರೀ?”

“ಯಾವುದು ಹಳೇದ್ರೀ?”

“ಹೊಸದು ಕಣ್ರೀ. ಹಳೇದಕ್ಕೆ ಬರೆಯೋಕೆ ನೀವ್ಯಾಕೆ?”

ಆವತ್ತಿನಿಂದ ನನ್ನ ಹೆಸರು ‘ಎಂ.ಎ.’ ಎಂದಾಯಿತು. ಪ್ರತಿ ಬೀರುವಿನೊಳಗೆ ಇಡುವ ಒಂದು ಪುಟದ ಚರಿತ್ರೆ ಬರೆಯುವುದು ನನ್ನ ಕೆಲಸ.

ಆ ಚರಿತ್ರೆ ತಮಾಷೆಯದು. ಮುನ್ನೂರು ವರ್ಷಗಳ ಹಿಂದೆ ಚೀನಾ, ಜಪಾನಿನ ಕುಶಲಕರ್ಮಿಗಳು ಒಂದು ಮರದ ರಸವನ್ನು ಪದರ ಪದರವಾಗಿ ಬಳಿದು ಕನ್ನಡಿಯಂತೆ ಹೊಳೆಯುವ ಬೀರು, ಪೆಟ್ಟಿಗೆ, ಮಡಿಸುವ ಪರದೆಗಳನ್ನು ಮಾಡುತ್ತಿದ್ದರು. ಯುರೋಪಿನ ಶ್ರೀಮಂತರಿಗೆ ಅದರ ಹುಚ್ಚು. ಚೀನಾದ ಪರದೆಗಳು ನಮ್ಮ ಪೂರ್ವ ಕರಾವಳಿಯ ಬಂದರುಗಳಲ್ಲಿ ಹಡಗು ಬದಲಾಯಿಸಿ ಮುಂದೆ ಹೋಗುತ್ತಿದ್ದವು. ಅಷ್ಟಕ್ಕೇ ಅಲ್ಲಿನವರು ಅವುಗಳಿಗೆ ‘ಕೋರಮಂಡಲ’ ಎಂದು ಹೆಸರಿಟ್ಟರು. ಬಸ್ಸು ತುಮಕೂರಿನಲ್ಲಿ ಕಾಫಿಗೆ ನಿಂತಿತೆಂದು ಪ್ರಯಾಣಿಕರನ್ನೆಲ್ಲ ತುಮಕೂರಿನವರು ಎಂದಂತೆ. ಬೇಡಿಕೆ ಹೆಚ್ಚಿ ಮಾಲು ಸಾಲದಾದಾಗ ಯುರೋಪಿನವರು ತಾವೇ ನಕಲು ಮಾಡತೊಡಗಿದರು. ಆ ಮರ ಅವರಲ್ಲಿಲ್ಲ. ಅದಕ್ಕೆ ನಮ್ಮ ದೇಶದ ಅರಗು ತರಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿದರು. ಈಗ ಯಶವಂತಪುರದಲ್ಲಿ ನಾವು ನಮ್ಮ ಅರಗಿನಿಂದ, ಚೀನಾವನ್ನು ನೋಡದ ಯುರೋಪಿನವರು ಮಾಡಿದ ನಕಲನ್ನು, ಎರಡನ್ನೂ ನೋಡದವರು ನಕಲು ಮಾಡಿ, ಅವರಿಗೇ ಮಾರುತ್ತಿದ್ದೆವು.

ಇದನ್ನು ನಾನು ಮೊದಲ ವಾರ ಯಜಮಾನರಿಗೆ ಗಂಭೀರವಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಅಂದ್ರೆ ಮದ್ರಾಸ್ ಬಂದರಿನ ಮೇಲೆ ಹೋದ್ರೆ ಕೋರಮಂಡಲ?”

“ಆಗಿನ ಕಾಲಕ್ಕ ಹಾಂಗ ಕರೀತಿದ್ರು.”

“ನಮ್ದೂ ಮದ್ರಾಸ್ ಮೇಲೇನೇ ಹೋಗೋದು. ಬರೀರಿ, ಅಸಲಿ ಕೋರಮಂಡಲ ಅಂತ. ಸುಳ್ಳೇನಿದೆ ಅದ್ರಲ್ಲಿ?”

ಇಲ್ಲ, ಸುಳ್ಳೇನೂ ಇರಲಿಲ್ಲ. ಈ ಉದ್ಯೋಗದಲ್ಲಿ ನಾನು ಕಲಿತ ಮೊದಲ ಪಾಠ ಅದು.

ಎರಡನೆಯ ಪಾಠವನ್ನು ಕಲಿಸಿದ್ದು ನಮ್ಮ ಚಿತ್ರಗಾರ. ಅವನು ಹೆಬ್ಬಾಳದ ಕಡೆ ಅಂಗಡಿ ಬೋರ್ಡು ಬರೆಯುತ್ತಿದ್ದವನು. ಚೀನೀ ಅರಮನೆ ಬರೆಯಲು ಕೊಟ್ಟರೆ ಗೋಪುರ ಬರೆದು ನಾಲ್ಕೂ ಮೂಲೆಯಲ್ಲಿ ಗಂಟೆ ಕಟ್ಟುತ್ತಿದ್ದ. ಅವನ ಮಂತ್ರಿಗಳಿಗೆಲ್ಲ ಪೊಲೀಸ್ ಮೀಸೆ. ಒಮ್ಮೆ ಬಡಗಿಗಳು ಅವಸರದಲ್ಲಿ ಒಂದು ಬಾಗಿಲನ್ನು ತಲೆಕೆಳಗಾಗಿ ಜೋಡಿಸಿಬಿಟ್ಟರು. ಬೆಟ್ಟ ಕೆಳಮುಖವಾಗಿ ನೇತಾಡುತ್ತಿತ್ತು, ದೋಣಿ ಮೇಲೆ ಮಗುಚಿತ್ತು, ಮೀನು ಹಿಡಿಯುವವನು ಆಕಾಶಕ್ಕೆ ಗಾಳ ಹಾಕಿದ್ದ. ಮಾಲು ಆಗಲೇ ಹೋಗಿಯಾಗಿತ್ತು. ಬೈಗುಳದ ಪತ್ರ ಬರುತ್ತದೆಂದು ನಾನು ಕಾದೆ. ಆದರೆ ಹಾಲೆಂಡಿನ ಗಿರಾಕಿ ಸಂತೋಷದಿಂದ ಪತ್ರ ಬರೆದ. ಹಿಂದಿನ ಕಾಲದಲ್ಲಿ ಅವರ ಬಡಗಿಗಳು ಚೀನೀ ಪರದೆಗಳನ್ನು ಕೊಯ್ದು ಬೀರುವಿಗೆ ಜೋಡಿಸುವಾಗ ಎಷ್ಟೋ ಸಲ ಚಿತ್ರಗಳು ಹೀಗೇ ತಲೆಕೆಳಗಾಗಿದ್ದವಂತೆ. ಆ ಸೂಕ್ಷ್ಮವನ್ನೂ ಗಮನಿಸಿದ ನಮ್ಮ ಪಾಂಡಿತ್ಯಕ್ಕೆ ಆತ ತಲೆಬಾಗಿದ್ದ.

ಅಂದಿನಿಂದ ಪ್ರತಿ ಐದು ಬೀರುವಿಗೆ ಒಂದನ್ನು ತಲೆಕೆಳಗಾಗಿ ಜೋಡಿಸುವುದು ಪದ್ಧತಿಯಾಯಿತು. ಯಜಮಾನರು ಅದಕ್ಕೆ ಪಂಚಾಂಗ ನೋಡಿ ದಿನ ಇಡುತ್ತಿದ್ದರು. ನಮ್ಮಲ್ಲಿ ತಪ್ಪು ಎಂಬುದು ಗಿರಾಕಿ ಮೆಚ್ಚುವವರೆಗೆ ಮಾತ್ರ ತಪ್ಪು.

ಮುನಿಯಪ್ಪನನ್ನು ಸರಿಯಾಗಿ ಪರಿಚಯಿಸಬೇಕು. ಶೆಟ್ಟಿಹಳ್ಳಿಯವನು. ಆಗ ನಲವತ್ತರ ಆಸುಪಾಸು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಕಾಡಿಗೆ ಬೆರೆಸಿ, ಬಟ್ಟೆಯುಂಡೆಯಲ್ಲಿ ಅದ್ದಿ ಮರದ ಮೇಲೆ ಸುತ್ತು ಸುತ್ತಾಗಿ ಉಜ್ಜುತ್ತಿದ್ದ. ಮೂವತ್ತು ಸಲ ಉಜ್ಜಿದ ಮೇಲೆ ಬೀರುವಿನಲ್ಲಿ ನಮ್ಮ ಮುಖ ಕಾಣುತ್ತಿತ್ತು. ಆ ಶೆಡ್ಡಿನಲ್ಲಿ ಅಸಲಿ ಎನ್ನುವುದೇನಾದರೂ ಇದ್ದರೆ ಅದು ಅವನ ಅಂಗೈ. ನಾನು ಪುಸ್ತಕದಲ್ಲಿ ಓದಿದ್ದನ್ನೆಲ್ಲ ತಂದು ಅವನಿಗೆ ಹೇಳುತ್ತಿದ್ದೆ. ಅವನು “ಆಯ್ತು ಸ್ವಾಮಿ” ಎನ್ನುತ್ತಿದ್ದ.

ಆ ಶುಕ್ರವಾರದ ಹಿಂದಿನ ಬುಧವಾರವೂ ಹಾಗೇ ಹೋಗಿ ಹೇಳಿದೆ. “ಮುನಿಯಪ್ಪ, ಹಳೇ ಚೀನೀ ಬೀರುಗಳ ಒಳಮೈಗೂ ಅರಗು ಬಳೀತಿದ್ರಂತ. ನಾವು ಒಳಗ ಬರೀ ಮರ ಬಿಡ್ತೀವಿ. ನಾಚಿಕಿಗೇಡು. ಇದಕ್ಕ ಒಳಗೂ ಬಳೀರಿ.”

“ಶುಕ್ರವಾರ ಓಗ್ಬೇಕು ಅಂತಾರಲ್ಲ ಸ್ವಾಮಿ. ಒಣಗ್ಬೇಡ್ವಾ?”

“ಒಣಗತೈತಿ ಬಿಡ್ರಿ.”

“ಆಯ್ತು ಸ್ವಾಮಿ.”

ಈಗ ಮತ್ತೆ ಶುಕ್ರವಾರ, ಹತ್ತು ಇಪ್ಪತ್ತು. ಕಣ್ಣು ಮುಚ್ಚಿದರೆ ಈಗಲೂ ಒಂದೊಂದು ಕ್ಷಣವೂ ಬೇರೆ ಬೇರೆಯಾಗಿ ನಿಲ್ಲುತ್ತದೆ. ಯಜಮಾನರು ಅವಸರ ಮಾಡಿದರು. “ಮುನಿಯಪ್ಪ, ಈಚೆ ಬಾರೋ, ಹೊತ್ತಾಯ್ತು.” ಒಳಗಿನಿಂದ “ಇನ್ನೊಂದ್ ನಿಮಿಸ” ಎಂದ. ಯಜಮಾನರಿಗೆ ಆ ಒಂದು ನಿಮಿಷ ಇರಲಿಲ್ಲ. ಕಡ್ಡಿ ಗೀರಿದರು. ನಾನು “ಯಜಮಾನ್ರ...” ಎಂದೆ. ಅವರು ಮಂತ್ರ ನಿಲ್ಲಿಸದೆ ಎಡಗೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು. ನಾನು ಸುಮ್ಮನಾದೆ. ಮಂತ್ರದ ನಡುವೆ ಮಾತಾಡಬಾರದು ಎಂಬ ಸಂಸ್ಕಾರ ನನ್ನದು. ತಟ್ಟೆ ಒಂದು ಸುತ್ತು ಬಂತು. ಎರಡನೆಯ ಸುತ್ತಿನಲ್ಲಿ ತೆರೆದ ಬಾಗಿಲ ಹತ್ತಿರ ಬಂತು.

ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಕಂಬಳಿ ಕೊಡವಿದಂತಾಯಿತು, ಅಷ್ಟೇ. ಬೀರುವಿನ ಒಳಗೆಲ್ಲ ನೀಲಿ ತುಂಬಿತು. ನೀಲಿಯ ಮಧ್ಯೆ ಮುನಿಯಪ್ಪನ ಬೆನ್ನು ಕಂಡಿತು. ಅವನು ಹಿಂದಕ್ಕೆ ಬಿದ್ದ. ಎರಡೂ ಕೈಗಳು ಉರಿಯುತ್ತಿದ್ದವು. ಆ ಉರಿಗೆ ಬಣ್ಣವೇ ಇರಲಿಲ್ಲ. ಹಗಲಿನಲ್ಲಿ ಸ್ಪಿರಿಟ್ ಬೆಂಕಿ ಕಾಣುವುದಿಲ್ಲ. ಕೈ ಏಕೆ ಹಾಗೆ ಒದರುತ್ತಿದ್ದಾನೆ ಎಂದು ನಾನು ಒಂದು ಗಳಿಗೆ ಸುಮ್ಮನೆ ನೋಡಿದೆ. ಪ್ಯಾಕಿಂಗ್ ಮಾಡುವ ಲಕ್ಷ್ಮಕ್ಕ ಎಲ್ಲಿದ್ದಳೋ, ನೀರಿನ ಹಂಡೆಗೆ ಹೊದಿಸಿದ್ದ ಒದ್ದೆ ಗೋಣಿಚೀಲ ಎಳೆದುಕೊಂಡು ಓಡಿಬಂದು ಅವನ ಮೇಲೆ ಬಿದ್ದಳು.

“ಏನ್ ನೋಡ್ತಾ ನಿಂತಿದ್ದೀಯಣ್ಣಾ ಮರ ನಿಂತಂಗೆ! ಇನ್ನೊಂದು ಚೀಲ ತತ್ತಾ!”

ತಂದುಕೊಟ್ಟೆ. ಅದೊಂದು ಮಾಡಿದೆ. ಲಾರಿ ಡ್ರೈವರ್ ಮತ್ತು ನಾನು ಅವನನ್ನು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಒಯ್ದೆವು. ಹುಬ್ಬು, ರೆಪ್ಪೆ ಸುಟ್ಟುಹೋಗಿದ್ದವು. ಕಣ್ಣು ಉಳಿದಿತ್ತು. ಕೈಗಳ ವಿಷಯ ಈಗಲೇ ಹೇಳಲಾಗದು ಎಂದರು ಡಾಕ್ಟರು. ಪಾಲಿಶ್ ಮಾಡುವವನ ಕೈಯ ವಿಷಯ ಈಗಲೇ ಹೇಳಲಾಗದು ಎಂದರೆ ಅವನ ಮನೆಯ ಐದು ಜನರ ವಿಷಯ ಈಗಲೇ ಹೇಳಲಾಗದು ಎಂದರ್ಥ.

ನಾನು ವಾಪಸ್ ಬಂದಾಗ ಬೆಂಕಿ ಆರಿತ್ತು. ಯಜಮಾನರು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. “ಕೆಟ್ಟ ದೃಷ್ಟಿ ಕಳೀತು ಬಿಡ್ರೀ ಎಂ.ಎ. ಅವ್ರೇ. ದೊಡ್ಡದಾಗಿ ಏನೋ ಆಗ್ಬೇಕಿತ್ತು, ಬೀರು ಮೇಲೆ ಹೋಯ್ತು” ಎಂದರು. ಬೀರು ಮೇಲೆ ಹೋದದ್ದು ಸ್ವಲ್ಪ, ಮುನಿಯಪ್ಪನ ಮೇಲೆ ಹೋದದ್ದು ಹೆಚ್ಚು ಎಂದು ನಾನು ಹೇಳಲಿಲ್ಲ. ಆ ದಿನ ಹೇಳದೆ ಉಳಿಸಿಕೊಂಡ ಮಾತುಗಳಲ್ಲಿ ಅದು ಎರಡನೆಯದು.

ಹಡಗು ಕಾಯುವುದಿಲ್ಲವಲ್ಲ. ಮಸಿ ಒರೆಸಿ, ರಾಹುಕಾಲ ಮುಗಿದ ಮೇಲೆ ಅದೇ ಬೀರುವನ್ನು ಕಳಿಸಿದರು. ಅದರ ಕಪ್ಪು ಮೈಯೆಲ್ಲ ಬೇಸಿಗೆಯಲ್ಲಿ ಹೆಬ್ಬಾಳ ಕೆರೆಯ ಅಂಚು ಒಡೆದಂತೆ ಬಿರುಕು ಬಿಟ್ಟಿತ್ತು. ಚೀನೀ ಮಂತ್ರಿಗಳ ಮುಖದಲ್ಲಿ ಸುಕ್ಕು. ಒಳಗೆ ನನ್ನ ಒಂದು ಪುಟದ ಚರಿತ್ರೆ ಇಟ್ಟದ್ದೂ ನಾನೇ.

ಅಂದಿನಿಂದ ನಿದ್ದೆ ಕೆಟ್ಟಿತು. ಒಂದೆರಡು ಗಂಟೆ ಮಲಗಿದರೆ ಕಂಬಳಿ ಕೊಡವಿದ ಸದ್ದು ಕೇಳಿ ಎದ್ದು ಕೂರುತ್ತಿದ್ದೆ. ಯಾವ ಸಾಲಿನಲ್ಲಿ ತಪ್ಪಿತು ಎಂದು ಹಸ್ತಪ್ರತಿ ತಿದ್ದುವವನಂತೆ ಮತ್ತೆ ಮೊದಲಿನಿಂದ ಓದುತ್ತಿದ್ದೆ. ಪ್ರತಿ ಸಲವೂ ಬುಧವಾರಕ್ಕೆ ಬಂದು ನಿಲ್ಲುತ್ತಿದ್ದೆ. ಒಳಗೂ ಬಳೀರಿ ಎಂದವನು ನಾನು. ಒಣಗತೈತಿ ಬಿಡ್ರಿ ಎಂದವನು ನಾನು. ವಾರಕ್ಕೊಮ್ಮೆ ಮುನಿಯಪ್ಪನನ್ನು ನೋಡಲು ಹೋಗುತ್ತಿದ್ದೆ. ಮೂಸಂಬಿ ಒಯ್ಯುತ್ತಿದ್ದೆ. ಹೇಳಬೇಕೆಂದು ಹೋಗಿ ಮೂಸಂಬಿ ಸುಲಿದು ತಿನ್ನಿಸಿ ಬರುತ್ತಿದ್ದೆ. ಅವನೂ ಹೆಚ್ಚು ಮಾತಾಡುತ್ತಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅವನು ಕೆಲಸಕ್ಕೆ ಬಂದ. ಕೈಗಳು ಎಳೆಗೂಸಿನ ಪಾದದಂತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಬೆರಳುಗಳು ಮಡಚುತ್ತಿದ್ದವು, ಆದರೆ ಪೂರ್ತಿ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಇನ್ನೊಂದು ಸಲ ಬೆಂಕಿ ತಾಗಿದರೆ ಈ ಕೈ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಅದೇ ವಾರ ಹಾಲೆಂಡಿನ ಪತ್ರ ಬಂತು. ನಾನೇ ಓದಿ ಕನ್ನಡದಲ್ಲಿ ಹೇಳಬೇಕಾಯಿತು. ಕಳೆದ ಸಲದ ಬೀರು ಅದ್ಭುತ. ಇಂಥ ಬಿರುಕು, ಇಂಥ ದಣಿದ ಕಪ್ಪು, ತಾನು ಹಳೆಯ ಅರಮನೆಗಳಲ್ಲಷ್ಟೇ ನೋಡಿದ್ದು. ಬಾಗಿಲಿನ ಅಂಚು ಸುಟ್ಟಿರುವುದಂತೂ ಕಲೆಯ ಪರಾಕಾಷ್ಠೆ. ದಯವಿಟ್ಟು ಇಂಥವೇ ಇನ್ನೂ ಆರು ಕಳಿಸುವುದು.

ಯಜಮಾನರು ಎದ್ದುನಿಂತರು. “ನೋಡಿದ್ರಾ? ದೇವರು ಸುಮ್ನೆ ಸುಡಲ್ಲ ಕಣ್ರೀ.”

ಮುಂದೆ ನಡೆದದ್ದನ್ನು ಹೊಸಬರು ಗಮನವಿಟ್ಟು ಓದಬೇಕು. ತಯಾರಿಕಾ ವಿಧಾನ ಎಂಬುದು ಹೀಗೆ ಹುಟ್ಟುತ್ತದೆ. ಯಜಮಾನರು ಹೇಳುತ್ತ ಹೋದರು, ನಾನು ಕಾರ್ಬನ್ ಇಟ್ಟು ಮೂರು ಪ್ರತಿ ಟೈಪು ಮಾಡಿದೆ. ಶುಕ್ರವಾರವೇ ಆಗಬೇಕು. ಹತ್ತು ಇಪ್ಪತ್ತಕ್ಕೇ ಆಗಬೇಕು. ಅದೇ ಅಂಗಡಿಯ ಕರ್ಪೂರ, ಐದು ಬಿಲ್ಲೆ. ಬೀರುವಿನೊಳಗೆ ಸ್ಪಿರಿಟ್. ಒಂದು ಬಾಗಿಲು ತೆರೆದಿರಬೇಕು. ಎರಡನೆಯ ಸುತ್ತಿಗೆ ತಟ್ಟೆ ಹತ್ತಿರ ಬರಬೇಕು.

“ಮುನಿಯಪ್ಪನೂ ಇರ್ಬೇಕು.”

ನನ್ನ ಬೆರಳು ನಿಂತಿತು. “ಅವ ಯಾಕ್ರೀ?”

“ಒಳಗೆ ಬೇಡಪ್ಪ, ನಾನೇನ್ ರಾಕ್ಷಸನಾ? ಬಾಗಿಲ ಪಕ್ಕ ನಿಂತ್ಕೊಂಡು ಉರಿ ಹಿಡಿದ ತಕ್ಷಣ ಬಾಗಿಲು ತಳ್ಳಿ ಮುಚ್ಲಿ. ಎಷ್ಟು ಉರಿದ್ರೆ ಎಷ್ಟು ಬಿರುಕು ಅನ್ನೋದು ಅವನಿಗೇ ತಾನೇ ಗೊತ್ತು? ಕೈಗುಣ ಅಂತ ಒಂದಿರುತ್ತೆ.”

ಟೈಪು ಮಾಡಿದೆ. ಅದನ್ನೂ ಒಪ್ಪಿಕೊಳ್ಳುತ್ತೇನೆ. ‘ಏಳನೆಯ ಅಂಶ: ಮುನಿಯಪ್ಪ’ ಎಂದು ಶುದ್ಧವಾಗಿ, ಅಂಚು ಬಿಟ್ಟು ಟೈಪು ಮಾಡಿದೆ. ಮುನಿಯಪ್ಪನಿಗೆ ಹೇಳಿದಾಗ ಅವನು ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡು, “ಇನ್ನೇನ್ ಮಾಡೋದು, ಬ್ಯಾರೆ ಕೆಲಸ ಯಾರು ಕೊಟ್ಟಾರು ಈ ಕೈಗೆ” ಎಂದ.

ಶುಕ್ರವಾರ ಬಂತು. ಹೊಸ ಬೀರು ಎದುರಿಗಿತ್ತು. ಬೀರುವಿನೊಳಗೆ ಸ್ಪಿರಿಟ್ ಸುರಿದಿದ್ದರು. ಲಕ್ಷ್ಮಕ್ಕ ಯಾರ ಮಾತಿಗೂ ಕಾಯದೆ ಆರು ಗೋಣಿಚೀಲ ನೆನೆಸಿ ಸಾಲಾಗಿ ಇಟ್ಟುಕೊಂಡಿದ್ದಳು. ಮುನಿಯಪ್ಪ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬಾಗಿಲ ಪಕ್ಕ ನಿಂತ. ಯಜಮಾನರು ಗಡಿಯಾರ ನೋಡಿ ಕಡ್ಡಿ ಗೀರಿದರು. ಕರ್ಪೂರ ಹತ್ತಿತು. ಮೊದಲ ಸುತ್ತು.

“ನಿಲ್ಲಸ್ರೀ!” ಎಂದು ಕೂಗಿದೆ. ಧ್ವನಿ ಬಂದದ್ದು ನನಗೇ ಆಶ್ಚರ್ಯ. ಯಜಮಾನರು ಎಡಗೈ ಎತ್ತಿದರು, ಹಿಂದಿನ ಸಲದ ಹಾಗೇ. ಮಂತ್ರ ನಿಲ್ಲಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ, ಅವರ ಮಣಿಕಟ್ಟು ಹಿಡಿದು, ಮಂಗಳಾರತಿಯನ್ನು ಬಾಯಿಂದ ಊದಿ ಆರಿಸಿಬಿಟ್ಟೆ.

ಬಡಗಿಗಳು ಉಳಿ ಕೆಳಗಿಟ್ಟರು. ಮನುಷ್ಯ ಉರಿದಾಗಲೂ ಆ ಮುಖಗಳಲ್ಲಿ ಇಂಥ ಗಾಬರಿ ಕಂಡಿರಲಿಲ್ಲ.

“ಎಂಜಲು!” ಯಜಮಾನರು ತಟ್ಟೆ ಹಿಂದಕ್ಕೆ ಎಳೆದುಕೊಂಡರು. “ಮಂಗಳಾರತಿಗೆ ಎಂಜಲು ಊದಿಬಿಟ್ಟೆಯಲ್ಲೋ! ಬ್ರಾಹ್ಮಣ ಅಲ್ವೇನೋ ನೀನು? ಯಾವ ಸೀಮೆ ಎಂ.ಎ.ನೋ!”

“ಧಾರವಾಡ ಸೀಮಿದ್ರೀ” ಎಂದೆ. “ಇವನ ಕೈ ಹೋಗತಾವ್ರೀ. ಇದಕ್ಕ ನಾ ಕಾಗದ ಬರಿಯೂದಿಲ್ಲ. ಬರದ್ರ ನಿಜಾನ ಬರೀತೀನಿ.”

ಅವರು ನನ್ನನ್ನು ಅಲ್ಲೇ ಕಿತ್ತುಹಾಕುತ್ತಿದ್ದರೋ ಏನೋ. ಅಷ್ಟರಲ್ಲಿ ಲಕ್ಷ್ಮಕ್ಕ ಗಡಿಯಾರ ತೋರಿಸಿ, “ಅಯ್ಯಾ, ಹತ್ತೂವರೆ ಆಗ್ತಾ ಬಂತು” ಎಂದಳು. ತಟ್ಟೆ ತೊಳೆಯಬೇಕು, ಕೈಕಾಲು ತೊಳೆಯಬೇಕು, ಹೊಸ ಕರ್ಪೂರ ಇಡಬೇಕು. ರಾಹುಕಾಲದಲ್ಲಿ ಇದ್ಯಾವುದೂ ಸಾಧ್ಯವಿಲ್ಲ. ಒಬ್ಬ ನೌಕರನನ್ನು ಕಿತ್ತುಹಾಕುವುದೂ ರಾಹುಕಾಲದಲ್ಲಿ ಒಳ್ಳೆಯದಲ್ಲ. ಹನ್ನೆರಡರವರೆಗೆ ಯಜಮಾನರು ತಲೆ ಹಿಡಿದು ಕೂತರು.

ಮುನಿಯಪ್ಪ ಕೈಯ ಬಟ್ಟೆ ಬಿಚ್ಚಿದ. “ಬಿರುಕು ತಾನೇ ಬೇಕಾಗಿರೋದು?” ಎಂದ, ಯಾರನ್ನೂ ನೋಡದೆ. “ಬೆಂಕಿ ಯಾಕೆ? ಸಣ್ಣೋನಿದ್ದಾಗ ಗಣಪತಿ ಮಾಡೋರ ಅತ್ರ ಇದ್ದೆ. ವಾರ್ನಿಸು ಆರೋಕ್ ಮುಂಚೆ ಗೋಂದು ಬಳ್ದುಬಿಟ್ಟೆ. ಗಣಪತಿ ಮುಖ ಎಲ್ಲಾ ಬಿರುಕು. ಚೆನ್ನಾಗಿ ಒದೆ ಬಿತ್ತು.”

“ಇದನ್ನ ಮೊದಲ ಹೇಳೂದಲ್ಲೇನೋ ಮಾರಾಯ!” ಎಂದೆ.

“ಒದೆ ತಿಂದಿದ್ದನ್ನ ಯಾರಾದ್ರೂ ಏಳ್ಕಂತಾರಾ ಸ್ವಾಮಿ?”

ಒಂದು ಹಳೆಯ ಕಪ್ಪು ಹಲಗೆಗೆ ವಾರ್ನಿಷ್ ಬಳಿದ. ಅಂಟಂಟಾಗಿ ಇರುವಾಗಲೇ ಮೇಲೆ ಗೋಂದಿನ ನೀರು ಎಳೆದ. ಆ ಗುಲಾಬಿ ಕೈಗಳು ಕುಂಚವನ್ನು ಬಿಗಿಯಾಗಿ ಹಿಡಿಯಲಾರದೆ ನಾಲ್ಕು ಬೆರಳ ಮೇಲೆ ಮಲಗಿಸಿಕೊಂಡಿದ್ದವು. ಹಲಗೆಯನ್ನು ಹೊರಗೆ ಬಿಸಿಲಿಗೆ ಇಟ್ಟ. ನಾವೆಲ್ಲ ಸುತ್ತ ಕೂತು ನೋಡಿದೆವು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಒಂದು ಮೂಲೆಯಿಂದ ಸಣ್ಣ ಗೆರೆ ಹೊರಟಿತು. ಅದರಿಂದ ಇನ್ನೊಂದು ಕವಲೊಡೆಯಿತು. ನೋಡುತ್ತಿದ್ದಂತೆ ಹಲಗೆ ಮುನ್ನೂರು ವರ್ಷ ಮುದಿಯಾಯಿತು.

ಯಜಮಾನರು ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು. “ಕರ್ಪೂರದ ಖರ್ಚೂ ಉಳೀತು” ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೂರು ಪ್ರತಿಯನ್ನೂ ಹರಿದು ಹೊಸದಾಗಿ ಟೈಪು ಮಾಡಲು ಹೇಳಿದರು. ಕಿತ್ತುಹಾಕುವ ಮಾತು ಮತ್ತೆ ಬರಲಿಲ್ಲ. ಆದರೆ ಆ ಶೆಡ್ಡಿನಲ್ಲಿ ಇದ್ದಷ್ಟು ವರ್ಷ ನನ್ನ ಕೈಗೆ ಮಂಗಳಾರತಿ ಕೊಡಲಿಲ್ಲ. ದೂರದಿಂದ ತೋರಿಸುತ್ತಿದ್ದರು. ನನಗೂ ಅದೇ ಬೇಕಿತ್ತು. ಇಂದಿಗೂ ಕರ್ಪೂರ ಹಚ್ಚಿದರೆ ನಾನು ಬಾಗಿಲ ಹತ್ತಿರದ ಜಾಗ ಹುಡುಕುತ್ತೇನೆ.

ಸಂಜೆ ಮುನಿಯಪ್ಪನ ಜೊತೆ ರಸ್ತೆಯವರೆಗೆ ನಡೆದೆ. ಟೀ ಅಂಗಡಿಯಲ್ಲಿ ನಿಂತು, ಲೋಟ ಕೈಗೆ ಬರುವ ಮೊದಲೇ ಹೇಳಿಬಿಟ್ಟೆ. “ಆವತ್ತು ಒಳಗ ಬಳೀರಿ ಅಂದಾಂವ ನಾನು, ಮುನಿಯಪ್ಪ. ವಾಸನಿ ಬಂದ್ರೂ ಸುಮ್ಮ ನಿಂತಾಂವ ನಾನು.”

ಅವನು ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ನನ್ನನ್ನು ವಿಚಿತ್ರವಾಗಿ ನೋಡಿದ. “ಒಳಗೆ ಯಾರು ಬಳುದ್ರು ಸ್ವಾಮಿ? ನೀವು ಏಳಿದ್ದು ನಾನು ಯಾವತ್ ಮಾಡಿದೀನಿ?”

“ಮತ್ತ ಆ ಸ್ಪಿರಿಟ್ಟು?”

“ಅದ್ರ ಮುಂಚಿನ್ ದಿನ ಪೂಜೆಗೆ ಇಟ್ಟಿದ್ ದೀಪದೆಣ್ಣೆ ಒಳಗೆ ಕಲೆ ಆಗಿತ್ತು. ಒರೆಸೋಕೋಗಿ ಅರ್ಧ ಸೀಸೆ ಚೆಲ್ಲೋಯ್ತು. ಯಜಮಾನ್ರು ಬೈತಾರೆ ಅಂತ ಬಾಯಿ ಬಿಡ್ಲಿಲ್ಲ, ಬೇಗ ಬೇಗ ಒರೆಸ್ತಾ ಇದ್ದೆ.” ಟೀ ಊದಿದ. “ನನ್ ತಪ್ಪಿಂದ ಶೆಡ್ಡೇ ಸುಟ್ಟೋಗ್ತಿತ್ತಲ್ಲಾ, ಎಂ.ಎ. ಸ್ವಾಮಿಗೂ ತಾಗ್ತಿತ್ತಲ್ಲಾ ಅಂತ ನಂಗೂ ನಿದ್ದೆ ಇರ್ಲಿಲ್ಲ. ನೀವು ಮೂಸಂಬಿ ತಂದಾಗೆಲ್ಲ ಇದ್ನ ನಿಮ್ಗೆ ಏಳ್ಬೇಕು ಅಂದ್ಕೊತಿದ್ದೆ.”

ಅವನು ಹೇಳಿದ್ದು ಪೂರ್ತಿ ನಿಜವೋ, ನನ್ನ ಮುಖ ನೋಡಿ ಅರ್ಧ ಭಾರ ತಾನು ಹೊತ್ತನೋ ನನಗೆ ಗೊತ್ತಿಲ್ಲ. ಕೇಳಲಿಲ್ಲ.

“ವಾಸನೆ ಬಂದಾಗ ಸುಮ್ಕೆ ನಿಂತಿದ್ರಲ್ಲ, ಅದು ಮಾತ್ರ ನಿಮ್ದೇಯ” ಎಂದು ಅವನು ಲೋಟ ಕೆಳಗಿಟ್ಟ. “ಇವತ್ತು ಕೂಗಿದ್ರಿ. ಸರಿಯೋಯ್ತು, ಬಿಡಿ.”

ಅವನು ಶೆಟ್ಟಿಹಳ್ಳಿಯ ಕಡೆಗೆ ಹೋದ. ನಾನು ಗಂಗಾನಗರಕ್ಕೆ ಬಂದು, ಅನ್ನ ಮಾಡಲು ಬೇಸರವಾಗಿ ಎರಡು ಬಾಳೆಹಣ್ಣು ತಿಂದು ಚಾಪೆಯ ಮೇಲೆ ಸುಮ್ಮನೆ ಒರಗಿದೆ. ದೀಪ ಆರಿಸಿದ್ದು ನೆನಪಿಲ್ಲ. ಕಣ್ಣು ಬಿಟ್ಟಾಗ ಶನಿವಾರ, ಎಂಟೂಕಾಲು. ಕೋಣೆಯ ತುಂಬ ಬಿಸಿಲು, ತಲೆಯ ಮೇಲೆ ಬಲ್ಬು ಇನ್ನೂ ಉರಿಯುತ್ತಿತ್ತು, ಮತ್ತು ನಾನು ಕೆಲಸಕ್ಕೆ ತಡವಾಗಿದ್ದೆ.